ಗಂಟೆ ಹನ್ನೆರಡಕ್ಕೆ ಒಂದು ಒಡಂಬಡಿಕೆ

ಕೊಪ್ಪಳ ಸೀಮೆಯಲ್ಲಿ ವರ್ಷಕ್ಕೆ ಎಷ್ಟು ಸಲ ಹೊಸ ವರ್ಷ ಬರುತ್ತದೆ ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ಒಕ್ಕಲುತನದ ಮನೆಗಳಿಗೆ ಯುಗಾದಿ. ಅಂಗಡಿಕಾರರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಇಡುವುದು ದೀಪಾವಳಿಯ ಹೊತ್ತಿಗೆ. ಮುಸಲ್ಮಾನರ ವರ್ಷ ಮೊಹರಂ ತಿಂಗಳಿನಿಂದ ಶುರು. ಇನ್ನು ಈ ನಾಡು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದ ಕಂದಾಯ ಕಾಗದಗಳನ್ನು ಬಿಚ್ಚಿ ನೋಡಿದರೆ ಅಲ್ಲಿ ಮತ್ತೊಂದು ವರ್ಷವಿದೆ. ಅದು ಫಸಲಿ. ಅಜುರ್ ತಿಂಗಳ ಮೊದಲ ತಾರೀಖಿಗೆ, ಅಂದರೆ ಅಕ್ಟೋಬರ್ 6ಕ್ಕೆ, ಸರ್ಕಾರದ ಹೊಸ ವರ್ಷ ಹುಟ್ಟುತ್ತಿತ್ತು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೂ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಕಚೇರಿಗಳಿಗೆ ಜನವರಿ ಒಂದು ಎಂಬುದು ವರ್ಷದ ನಡುವಿನ ಒಂದು ಸಾದಾ ದಿನವಾಗಿತ್ತು.

ಅದಕ್ಕೂ ಹಿಂದಿನ ಒಂದು ಸಾಕ್ಷ್ಯ ಇನ್ನೂ ಸ್ವಾರಸ್ಯದ್ದು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರಿಗೆ, ತುಂಗಭದ್ರೆಯ ಆಚೆ ದಡದ ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಈ ಜನ ಅಕ್ಟೋಬರ್‌ನಲ್ಲಿ ಅಮಾವಾಸ್ಯೆ ಕಳೆದ ಮೇಲೆ ಹೊಸ ವರ್ಷ ಆಚರಿಸುತ್ತಾರೆ, ಚಂದ್ರನಿಂದ ಚಂದ್ರನಿಗೆ ತಿಂಗಳು ಎಣಿಸುತ್ತಾರೆ ಎಂದು ಬರೆದಿಟ್ಟಿದ್ದಾನೆ. ಅವನು ಕಂಡದ್ದು 1520ರ ಕಾರ್ತಿಕದ ಪಾಡ್ಯವಿರಬೇಕು ಎಂಬುದು ಇತಿಹಾಸಕಾರರ ಲೆಕ್ಕ. ಕ್ರೈಸ್ತನೊಬ್ಬ ಈ ಸೀಮೆಯ ಹೊಸ ವರ್ಷವನ್ನು ಬೆರಗಿನಿಂದ ನೋಡಿ ಬರೆದದ್ದು ಹೀಗೆ. ಈಗ ಅದೇ ಸೀಮೆಯ ಕ್ರೈಸ್ತರ ಹೊಸ ವರ್ಷವನ್ನು ಅಕ್ಕಪಕ್ಕದವರು ನೋಡುವ ಬಗೆ ಬೇರೆ. ಡಿಸೆಂಬರ್ 31ರ ರಾತ್ರಿ ಚರ್ಚಿನ ಗಂಟೆ ಬಾರಿಸಿದರೆ ‘ಇಂಗ್ಲಿಷರ ಹಬ್ಬ’ ಎಂದು ಹೇಳಿ ಮುಗಿಸುವವರೇ ಹೆಚ್ಚು. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ತಪ್ಪೂ ಇದೆ.

ಮೊದಲು ಆ ರಾತ್ರಿ ಒಳಗೆ ನಡೆಯುವುದೇನು ಎಂದು ನೋಡಬೇಕು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ರಾತ್ರಿ ಹತ್ತು, ಹತ್ತೂವರೆಗೆ ಜನ ಸೇರುತ್ತಾರೆ. ಹಾಡು, ಬೈಬಲ್ ವಾಚನ. ಆಮೇಲೆ ಸಾಕ್ಷಿ. ಅಂದರೆ ಎದ್ದು ನಿಂತು ಕಳೆದ ವರ್ಷದ ಕತೆ ಹೇಳುವುದು. ಕಾಯಿಲೆ ವಾಸಿಯಾದದ್ದು, ಮಗಳ ಮದುವೆ ಆದದ್ದು, ಮಳೆ ಕೈಕೊಟ್ಟರೂ ಊಟಕ್ಕೆ ಕೊರತೆಯಾಗದೆ ಉಳಿದದ್ದು. ವರ್ಷವಿಡೀ ನಾಲ್ಕು ಜನರ ಮುಂದೆ ಬಾಯಿ ಬಿಡದ ಹೆಣ್ಣುಮಕ್ಕಳು ಆ ರಾತ್ರಿ ಮಾತಾಡುವುದುಂಟು. ಸಭಾಪಾಲಕರ ಪ್ರಸಂಗ ಮುಗಿಯುವ ಹೊತ್ತಿಗೆ ಗಂಟೆ ಹನ್ನೆರಡಕ್ಕೆ ಕೆಲವೇ ನಿಮಿಷ ಬಾಕಿ. ಅನೇಕ ಕಡೆ ಆಗ ದೀಪ ಆರಿಸುತ್ತಾರೆ. ಎಲ್ಲರೂ ಮೊಣಕಾಲೂರಿ ಸದ್ದಿಲ್ಲದೆ ಪ್ರಾರ್ಥಿಸುತ್ತಾರೆ. ಹಳೆಯ ವರ್ಷ ಆ ಕತ್ತಲಲ್ಲೇ ಕಳೆದುಹೋಗುತ್ತದೆ. ಹನ್ನೆರಡಕ್ಕೆ ಗಂಟೆ, ದೀಪ, ಕೈಕುಲುಕುವುದು, ‘ಹೊಸ ವರ್ಷದ ಶುಭಾಶಯ ರೀ’ ಎಂಬ ಮಾತು, ಮಕ್ಕಳ ಗದ್ದಲ. ಚಹಾ ಇರುತ್ತದೆ. ಅನುಕೂಲವಿದ್ದ ಸಭೆಗಳಲ್ಲಿ ಕೇಕೂ ಇರುತ್ತದೆ.

ಹೊರಗಿನಿಂದ ನೋಡಿದವರಿಗೆ ಕಾಣುವುದು ಗಂಟೆ ಮತ್ತು ಕೇಕು ಮಾತ್ರ. ಒಳಗಿನ ಕತ್ತಲು ಕಾಣುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಕ್ರೈಸ್ತರು ಬಹಳ ಕಡಿಮೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 13,89,920. ಅದರಲ್ಲಿ ಅವರು ಶೇಕಡಾ ಒಂದಕ್ಕಿಂತಲೂ ಕಡಿಮೆ. (ಈಗ ಕುಕನೂರು, ಕನಕಗಿರಿ, ಕಾರಟಗಿ ಸೇರಿ ತಾಲ್ಲೂಕುಗಳು ಏಳಾಗಿವೆ.) ಆದರೆ ಸುತ್ತಲಿನ ಹಳೆಯ ಕ್ರೈಸ್ತ ನೆಲೆಗಳ ನಡುವೆ ಈ ಸೀಮೆ ಕುಳಿತಿರುವ ಜಾಗ ಗಮನಿಸುವಂಥದ್ದು. ಪಡುವಣಕ್ಕೆ ಗದಗದ ಬೆಟಗೇರಿ. ಅಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ನೆಲೆ ಹೂಡಿದರು. ದಕ್ಷಿಣಕ್ಕೆ ಹೊಳೆ ದಾಟಿದರೆ ಬಳ್ಳಾರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಕೈಹಾಕಿದ. ಮೂಡಣಕ್ಕೆ ರಾಯಚೂರು, ಅಲ್ಲಿ ಅಮೆರಿಕದ ಮೆಥೊಡಿಸ್ಟರು. ಎಲ್ಲಕ್ಕಿಂತ ಹಳೆಯದು ಕುಷ್ಟಗಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು. ಅಲ್ಲಿಯ ಕಥೋಲಿಕ ಚರ್ಚನ್ನು ಜೆಸ್ವಿತ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದ್ದರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಆಗ ಮುದಗಲ್ಲಿನ ಕೋಟೆಗಾಗಿ ವಿಜಯನಗರಕ್ಕೂ ಬಿಜಾಪುರಕ್ಕೂ ಇನ್ನೂ ಹೊಡೆದಾಟ ನಡೆದಿತ್ತು, ತಾಳಿಕೋಟೆ ಯುದ್ಧಕ್ಕೆ ಇನ್ನೂ ಎಂಟು ವರ್ಷವಿತ್ತು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿಯೂ ಇರಲಿಲ್ಲ. ‘ಇಂಗ್ಲಿಷರ ಹಬ್ಬ’ ಎನ್ನುವವರು ಈ ಒಂದು ತಾರೀಖನ್ನು ನೆನಪಿನಲ್ಲಿಡುವುದು ಒಳ್ಳೆಯದು. ಇವೆಲ್ಲದರ ಜೊತೆಗೆ, ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿಯ ಕ್ಯಾಂಪುಗಳಿಗೆ ಆಂಧ್ರದಿಂದ ಬಂದವರು ತೆಲುಗು ಪ್ರಾರ್ಥನೆ, ತೆಲುಗು ಹಾಡುಗಳನ್ನೂ ತಂದರು.

ಇನ್ನು ತಾರೀಖಿನ ಮಾತು. ಜನವರಿ ಒಂದಕ್ಕೆ ಬೈಬಲಿನಲ್ಲಿ ಯಾವ ಆಧಾರವೂ ಇಲ್ಲ. ಅದು ರೋಮನ್ನರ ಆಡಳಿತದ ದಿನ. ಕ್ರಿ.ಪೂ. 153ರಿಂದ ಅವರ ಅಧಿಕಾರಿಗಳು ಅಂದು ಹುದ್ದೆ ವಹಿಸಿಕೊಳ್ಳುತ್ತಿದ್ದರು. ಆ ದಿನದ ಕುಡಿತ ಕುಣಿತ ಕಂಡು ಹಳೆಯ ಚರ್ಚ್ ಮುಖ ತಿರುಗಿಸಿತ್ತು. ಕ್ರಿ.ಶ. 567ರಲ್ಲಿ ಫ್ರಾನ್ಸಿನ ಟೂರ್ಸ್ ಪಟ್ಟಣದಲ್ಲಿ ಸೇರಿದ್ದ ಬಿಷಪ್ಪರು ಜನವರಿಯ ಮೊದಲ ದಿನಗಳಲ್ಲಿ ಉಪವಾಸ, ಪ್ರಾರ್ಥನೆ ನಡೆಸಬೇಕೆಂದು ವಿಧಿಸಿದ್ದು ಈ ಕಾರಣಕ್ಕೇ. ಚರ್ಚಿನ ಸ್ವಂತ ವರ್ಷ ಇವತ್ತಿಗೂ ಜನವರಿಗೆ ಶುರುವಾಗುವುದಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮೊದಲು ಬರುವ ಆಗಮನ ಕಾಲದಿಂದ ಶುರುವಾಗುತ್ತದೆ. ಸ್ವತಃ ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ 1751ರವರೆಗೆ ಮಾರ್ಚ್ 25ಕ್ಕಿತ್ತು. ಹೆಚ್ಚುಕಡಿಮೆ ನಮ್ಮ ಯುಗಾದಿಯ ಆಸುಪಾಸು! 1752ರಿಂದಷ್ಟೇ ಅದು ಜನವರಿ ಒಂದಕ್ಕೆ ಸರಿಯಿತು. ಅಂದಮೇಲೆ ಜನವರಿ ಒಂದು ಇಂಗ್ಲಿಷರಿಗೂ ಎರವಲು ಬಂದದ್ದೇ.

ತಾರೀಖು ಎರವಲಾದರೂ ಆ ರಾತ್ರಿಯ ಜಾಗರಣೆ ಎರವಲಲ್ಲ. ಅದನ್ನು ಕಟ್ಟಿದವರು ಬಡವರು. 1730ರ ದಶಕದಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಮೊರಾವಿಯನ್ ಪಂಥದವರು ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವ ರೂಢಿ ಹಾಕಿದರು. ಅವರು ಧರ್ಮದ ಕಾರಣಕ್ಕೆ ಊರು ಬಿಟ್ಟು ಬಂದಿದ್ದ ಜನ. 1740ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳು, ಮೊದಲು ಶನಿವಾರದ ರಾತ್ರಿಯನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವರು, ಅದೇ ಹೊತ್ತನ್ನು ಹಾಡು ಪ್ರಾರ್ಥನೆಗಳಲ್ಲಿ ಕಳೆಯತೊಡಗಿದರು. ಇದನ್ನು ನಿಲ್ಲಿಸಿ ಎಂದು ಕೆಲವರು ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಗೆ ಸಲಹೆ ಕೊಟ್ಟರು. ಅವನು ಒಪ್ಪದೆ, 1742ರಲ್ಲಿ ಲಂಡನ್ನಿಗೂ ಆ ಪದ್ಧತಿ ತಂದ. ಆಗ ಅದಕ್ಕೂ ಹೊಸ ವರ್ಷಕ್ಕೂ ಸಂಬಂಧವಿರಲಿಲ್ಲ. ತಿಂಗಳಿಗೊಮ್ಮೆ ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಜಾಗರಣೆ ನಡೆಯುತ್ತಿತ್ತು. ಹುಣ್ಣಿಮೆಯೇ ಯಾಕೆ ಎಂದರೆ, ದೂರದಿಂದ ನಡೆದು ಬಂದವರು ನಡುರಾತ್ರಿ ಬೆಳದಿಂಗಳಲ್ಲಿ ಮನೆ ಸೇರಲಿ ಎಂದು. ಹೊಲದ ಹಾದಿಯಲ್ಲಿ ಊರಿಂದೂರಿಗೆ ನಡೆದ ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಈ ಕಾರಣ ಬಿಡಿಸಿ ಹೇಳಬೇಕಿಲ್ಲ. ಮುಂದೆ ಮುಂದೆ ಈ ಜಾಗರಣೆ ಡಿಸೆಂಬರ್ 31ಕ್ಕೆ ನಿಂತಿತು.

ಅಮೆರಿಕದಲ್ಲಿ ಅದಕ್ಕೆ ಇನ್ನೊಂದು ನೆನಪು ಸೇರಿದೆ. 1863ರ ಜನವರಿ ಒಂದರಿಂದ ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಎಂದು ಅಧ್ಯಕ್ಷ ಲಿಂಕನ್ ಮುಂಚೆಯೇ ತಿಳಿಸಿದ್ದರು. 1862ರ ಕೊನೆಯ ರಾತ್ರಿ ಕರಿಯರು ತಮ್ಮ ಚರ್ಚುಗಳಲ್ಲಿ ನಿದ್ದೆಗೆಟ್ಟು ಗಂಟೆ ಹನ್ನೆರಡಕ್ಕಾಗಿ ಕಾದರು. ಅವರ ಚರ್ಚುಗಳಲ್ಲಿ ಆ ರಾತ್ರಿಗೆ ಸ್ವಾತಂತ್ರ್ಯದ ಮುನ್ನಾದಿನ ಎಂಬ ಹೆಸರು ಇಂದಿಗೂ ಇದೆ.

ವೆಸ್ಲಿ ಬಿಟ್ಟುಹೋದ ಇನ್ನೊಂದು ಪದ್ಧತಿ ನಮ್ಮ ಭಾಗಕ್ಕೆ ಹೆಚ್ಚು ಹತ್ತಿರದ್ದು. 1755ರ ಆಗಸ್ಟ್ 11ರಂದು ಲಂಡನ್ನಿನಲ್ಲಿ ಸುಮಾರು 1,800 ಜನರನ್ನು ಎದ್ದು ನಿಲ್ಲಿಸಿ ಅವನು ದೇವರೊಡನೆ ಒಂದು ಒಡಂಬಡಿಕೆ ಮಾಡಿಸಿದ. ಈ ಒಡಂಬಡಿಕೆಯ ಆರಾಧನೆ ಕಾಲಕ್ರಮದಲ್ಲಿ ಹೊಸ ವರ್ಷದ ದಿನಕ್ಕೆ ಅಥವಾ ಜನವರಿಯ ಮೊದಲ ಭಾನುವಾರಕ್ಕೆ ಬಂದು ಸೇರಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಬ್ರಿಟಿಷ್ ಮೂಲದ ಮೆಥೊಡಿಸ್ಟರು ಅದರಲ್ಲಿ ಕೂಡಿಕೊಂಡರು, ಒಡಂಬಡಿಕೆಯ ಆರಾಧನೆಯನ್ನೂ ಜೊತೆಗೆ ತಂದರು. ರಾಯಚೂರು, ಬೀದರ ಕಡೆಯ ಅಮೆರಿಕನ್ ಮೂಲದ ಮೆಥೊಡಿಸ್ಟರು ಹೊರಗುಳಿದರೂ ವೆಸ್ಲಿ ಇಬ್ಬರಿಗೂ ಸೇರಿದವನೇ. ಕೆಲಸವಿದ್ದರೂ ಇಲ್ಲದಿದ್ದರೂ, ಕೈ ತುಂಬಿದರೂ ಬರಿದಾದರೂ ನಾವು ನಿನ್ನವರೇ ಎಂಬ ಅರ್ಥದ ಮಾತನ್ನು ಸಭೆಯೆಲ್ಲ ಕೂಡಿ ಹೇಳುವುದು ಇದರ ತಿರುಳು.

ಈ ಮಾತು ಕೊಪ್ಪಳ ಸೀಮೆಯ ಕೂಲಿಯವನ ಕಿವಿಗೆ ಹೇಗೆ ಕೇಳಿಸಿರಬೇಕು? ಇಲ್ಲಿ ಒಡಂಬಡಿಕೆ ಎಂಬುದು ಪುಸ್ತಕದ ಮಾತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಬಳದ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ ಇರುತ್ತಿತ್ತು. ಹಳೆಯ ಸಾಲದ ಲೆಕ್ಕ ಅಂದೇ ಆಗಬೇಕು, ತೀರದಿದ್ದರೆ ಇನ್ನೊಂದು ವರ್ಷ ಅದೇ ಮನೆಯಲ್ಲಿ ದುಡಿಯಬೇಕು. ಬೇವು ಬೆಲ್ಲದ ದಿನ ಎಷ್ಟೋ ಆಳುಗಳ ಪಾಲಿಗೆ ಬರೀ ಬೇವಿನ ದಿನವಾಗಿತ್ತು. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಮಿಷನ್ನುಗಳ ಕಾಲದಲ್ಲಿ ಈ ಭಾಗದ ಸಭೆಗಳನ್ನು ಸೇರಿದವರಲ್ಲಿ ಬಹುಪಾಲು ಇಂಥ ದುಡಿಯುವ ಮನೆಗಳವರೇ. ಅಂಥವರಿಗೆ ಯುಗಾದಿಯ ಕರಾರು ಧಣಿಯ ಜೊತೆ, ಜನವರಿಯ ಒಡಂಬಡಿಕೆ ದೇವರ ಜೊತೆ. ಮೊದಲನೆಯದರಲ್ಲಿ ಸಾಲ ಮುಂದಿನ ವರ್ಷಕ್ಕೆ ಸಾಗುತ್ತದೆ. ಎರಡನೆಯದು ಹಳೆಯದನ್ನು ಮನ್ನಾ ಮಾಡಿದ ಮೇಲೆಯೇ ಶುರುವಾಗುತ್ತದೆ. ದೀಪ ಆರಿಸಿದ ಆ ಕೆಲವು ನಿಮಿಷಗಳ ತೂಕ ಇಲ್ಲಿದೆ.

ಕಥೋಲಿಕರ ರೀತಿ ಬೇರೆ. ಬಳ್ಳಾರಿ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪನೆಯಾಯಿತು, ಕೊಪ್ಪಳ ಅದಕ್ಕೆ ಸೇರಿದೆ. ಡಿಸೆಂಬರ್ 31ರಂದು ಕೃತಜ್ಞತೆಯ ಸ್ತೋತ್ರ, ರಾತ್ರಿ ಬಲಿಪೂಜೆ. ಜನವರಿ ಒಂದು ಅವರಿಗೆ ದೇವಮಾತೆ ಮರಿಯಮ್ಮನವರ ಹಬ್ಬ. 1968ರಿಂದ ಅದೇ ದಿನವನ್ನು ವಿಶ್ವಶಾಂತಿ ದಿನವೆಂದೂ ಆಚರಿಸುತ್ತಾರೆ. ಕ್ರಿಸ್ಮಸ್ಸಿನಿಂದ ಎಂಟನೆಯ ದಿನ, ಮಗುವಿಗೆ ಯೇಸು ಎಂದು ಹೆಸರಿಟ್ಟ ದಿನವೂ ಅದೇ. ತೊಟ್ಟಿಲ ಶಾಸ್ತ್ರ ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ.

ಹೊಸ ವರ್ಷದ ಆರಾಧನೆಯಲ್ಲಿ ಮಕ್ಕಳು ದೊಡ್ಡವರೆನ್ನದೆ ಎಲ್ಲರೂ ಕಾಯುವುದು ವಾಗ್ದಾನದ ಚೀಟಿಗೆ. ಬೈಬಲಿನ ಒಂದೊಂದು ವಚನ ಬರೆದ ಚೀಟಿಗಳನ್ನು ತಟ್ಟೆಯಲ್ಲಿಟ್ಟು ಹಂಚುತ್ತಾರೆ. ಬಂದ ವಚನ ಆ ವರ್ಷವಿಡೀ ಅವರದು. ಬೈಬಲಿನ ಎಲೆಗಳ ನಡುವೆ ಅಥವಾ ಗೋಡೆಯ ಕ್ಯಾಲೆಂಡರಿನ ಪಕ್ಕ ಅದು ಉಳಿಯುತ್ತದೆ. ಚೀಟಿ ಎತ್ತಿ ವಚನ ಪಡೆಯುವ ರೂಢಿಯೂ ಹಳೆಯದೇ. ಹೆರ್ನ್‌ಹುಟ್ಟಿನವರು 1728ರಲ್ಲೇ ದಿನಕ್ಕೊಂದು ವಚನವನ್ನು ಮನೆಮನೆಗೆ ಮುಟ್ಟಿಸುತ್ತಿದ್ದರು, 1731ರಿಂದ ಅದು ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ. ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರೂ ಅಂಥದೇ ಭಕ್ತಿಯ ವಾತಾವರಣದಲ್ಲಿ ಬೆಳೆದವರು. ಇದು ಶಕುನ ನೋಡಿದ ಹಾಗಾಯಿತು ಎಂದು ಆಕ್ಷೇಪಿಸುವ ಬೋಧಕರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಭವಿಷ್ಯ ಕೇಳುವ ಹಂಬಲ ಯಾವ ಧರ್ಮದ ಬಾಗಿಲಲ್ಲೂ ಹೊರಗೆ ನಿಲ್ಲುವುದಿಲ್ಲ. ಆದರೆ ಓದು ಬಾರದ ಅಜ್ಜಿ ಮೊಮ್ಮಗನ ಕೈಯಲ್ಲಿ ಚೀಟಿ ಓದಿಸಿಕೊಂಡು, ಮರೆಯದ ಹಾಗೆ ಎರಡೆರಡು ಸಲ ಹೇಳಿಸಿಕೊಳ್ಳುವುದನ್ನು ಬರೀ ಶಕುನ ಎಂದು ತಳ್ಳಿಹಾಕುವುದು ಹೇಗೆ?

ಈಗ ಚರ್ಚಿನ ಹೊರಗೂ ಡಿಸೆಂಬರ್ 31ರ ರಾತ್ರಿ ಎಚ್ಚರವಾಗಿಯೇ ಇರುತ್ತದೆ. ಬೇಕರಿಗಳ ಮುಂದೆ ಕೇಕಿನ ಸಾಲು, ರಸ್ತೆಯಲ್ಲಿ ಪಟಾಕಿ, ಮೊಬೈಲಿನಲ್ಲಿ ಶುಭಾಶಯ. ಹುಬ್ಬಳ್ಳಿಯಲ್ಲಿ ‘ಓಲ್ಡ್ ಮ್ಯಾನ್’ ಎಂಬ ಹಳೆಯ ವರ್ಷದ ಬೊಂಬೆ ಸುಡುತ್ತಾರೆ, ಅದಕ್ಕೆ ಜಾತಿ ಮತಗಳ ಕಟ್ಟಿಲ್ಲ. ಇನ್ನೊಂದು ಕಡೆ, ಜನವರಿ ಒಂದು ನಮ್ಮದಲ್ಲ, ಯುಗಾದಿಯೇ ನಮ್ಮದು ಎಂಬ ಸಂದೇಶಗಳೂ ಅದೇ ಮೊಬೈಲಿಗೆ ಬರುತ್ತವೆ. ಕೇಕಿನ ಗದ್ದಲದಲ್ಲೂ ಈ ತಕರಾರಿನಲ್ಲೂ ಒಳಗೆ ಮೊಣಕಾಲೂರಿ ಕುಳಿತವರ ಲೆಕ್ಕ ಯಾರೂ ಹಿಡಿಯುವುದಿಲ್ಲ. ಅವರಾದರೋ ಯಾವ ಹೊಸ ವರ್ಷವನ್ನೂ ಬಿಟ್ಟುಕೊಟ್ಟವರಲ್ಲ. ಯುಗಾದಿಗೆ ನೆರೆಮನೆಯಿಂದ ಹೋಳಿಗೆ ಬರುತ್ತದೆ, ಕ್ರಿಸ್ಮಸ್ಸಿಗೆ ಇವರ ಮನೆಯ ಕರಿದ ತಿಂಡಿ ಅತ್ತ ಹೋಗುತ್ತದೆ.

ಋತುವೂ ಅವರ ಕಡೆಗಿದೆ. ಡಿಸೆಂಬರ್ ಕೊನೆ, ಜನವರಿ ಮೊದಲೆಂದರೆ ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆ ನಿಂತಿರುವ ಕಾಲ. ಎಳ್ಳಮಾವಾಸ್ಯೆ ಬರುವುದು, ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುವುದು ಇದೇ ಆಸುಪಾಸಿನಲ್ಲಿ. ಕೊಪ್ಪಳದ ಗವಿಮಠದ ಜಾತ್ರೆಯೂ ಸಾಮಾನ್ಯವಾಗಿ ಜನವರಿಯಲ್ಲೇ. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋದವರು ಊರ ಮುಖ ನೋಡುವುದು ಇಂಥ ಹಬ್ಬಗಳಿಗೆ. ಬರಲಾಗದವರ ಹೆಸರು ಹಿಡಿದು ನಡುರಾತ್ರಿಯ ಪ್ರಾರ್ಥನೆಯಲ್ಲಿ ಬೇಡಿಕೊಳ್ಳುತ್ತಾರೆ. ಬಂದವರು ಜನವರಿ ಒಂದರ ಬೆಳಗಿನ ಆರಾಧನೆಗೆ ಹೊಸ ಬಟ್ಟೆ ತೊಟ್ಟು ಹೋಗಿ, ಮಧ್ಯಾಹ್ನ ಮನೆಯವರ ಜೊತೆ ಉಂಡು, ಸಂಜೆ ಬಸ್ಸಿಗೆ ಚೀಲ ಕಟ್ಟುತ್ತಾರೆ. ವಾಗ್ದಾನದ ಚೀಟಿ ಅಂಗಿಯ ಜೇಬಿನಲ್ಲಿರುತ್ತದೆ.