ಕೋಳಿಗೂಡಿನ ಹಾಸು, ಹಿತ್ತಲಿನ ಗೊಬ್ಬರ

ಮೂರು ವರ್ಷಗಳ ಹಿಂದಿನ ಜುಲೈ ತಿಂಗಳ ಒಂದು ಸಂಜೆ. ಶಾಲೆಯಿಂದ ಬಂದು ಚಾ ಕುಡಿಯುತ್ತಿದ್ದೆ. ಪಕ್ಕದ ಮನೆಯ ಅಕ್ಕ ಕೊಡೆ ಹಿಡಿದುಕೊಂಡು ಬಂದವರು ಒಳಗೆ ಬರದೆ ಜಗಲಿಯಲ್ಲೇ ನಿಂತರು.

"ಟೀಚರೇ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಮಗೆ ಆ ಕಡೆಯ ಕಿಟಕಿ ತೆರೆಯಲಿಕ್ಕೇ ಆಗುವುದಿಲ್ಲ. ಮೊಮ್ಮಗನಿಗೆ ಮೊದಲೇ ದಮ್ಮು. ನಿಮ್ಮ ಕೋಳಿಗೂಡಿಗೆ ಏನಾದರೂ ಮಾಡ್ಲಿಕ್ಕೆ ಆಗ್ತದಾ?"

ನನಗೆ ನಾಚಿಕೆಯಾಯಿತು. ನೆರೆಯವರ ಹಕ್ಕಿನ ಬಗ್ಗೆ ಮಕ್ಕಳಿಗೆ ಪಾಠ ಹೇಳುವವಳು ನಾನು. ನಮ್ಮ ಗೂಡಿನ ವಾಸನೆ ಗೋಡೆ ದಾಟಿ ಒಂದು ಮಗುವಿನ ಉಸಿರಿಗೆ ತೊಂದರೆ ಕೊಡುತ್ತಿದೆ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ದಿನವೂ ಅದರ ನಡುವೆಯೇ ಇರುವವರ ಮೂಗಿಗೆ ಅದು ಅಭ್ಯಾಸವಾಗಿಬಿಡುತ್ತದೆ.

ರಾತ್ರಿ ಊಟದ ಹೊತ್ತಿಗೆ ವಿಷಯ ತಿಳಿಸಿದಾಗ ನಮ್ಮವರು, "ಕೋಳಿಗಳನ್ನು ಮಾರಿಬಿಡುವ, ರಗಳೆಯೇ ಬೇಡ" ಎಂದರು. ಅತ್ತೆ ಏನೂ ಹೇಳಲಿಲ್ಲ. ಆದರೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದರು. ಆಗ ನಮ್ಮಲ್ಲಿ 14 ಕೋಳಿಗಳಿದ್ದವು. ಮೊಟ್ಟೆ ಮಾರಿ ಬರುವ ಹಣ ಅತ್ತೆಯದ್ದು. ಅವರ ಮಂಡಿ ನೋವಿನ ಮದ್ದು, ಪೆರ್ನಾಳಿಗೆ ಮೊಮ್ಮಕ್ಕಳ ಕೈಗೆ ಕೊಡುವ ನೋಟು, ಎಲ್ಲವೂ ಅದರಿಂದಲೇ. ಯಾರಲ್ಲಿಯೂ ಕೇಳದೆ ಖರ್ಚು ಮಾಡುವ ಹಣ ಹೆಣ್ಣಿನ ಕೈಯಲ್ಲಿರುವುದು ಎಷ್ಟು ದೊಡ್ಡ ವಿಷಯವೆಂದು ಈ ಪುಟ ಓದುವ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ಒಂದು ತಿಂಗಳ ಸಮಯ ಕೊಡಿ ಎಂದು ಕೇಳಿದೆ.

ಮರುದಿನ ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯರ ಮೊದಲ ಪ್ರಶ್ನೆಯೇ, "ನೆಲಕ್ಕೆ ಏನು ಹಾಸಿದ್ದೀರಿ?" ಎಂಬುದಾಗಿತ್ತು. ಏನೂ ಹಾಸಿರಲಿಲ್ಲ. ಸಿಮೆಂಟ್ ನೆಲ. ವಾರಕ್ಕೊಮ್ಮೆ ನೀರು ಹಾಕಿ ತೊಳೆಯುತ್ತಿದ್ದೆವು. ಸ್ವಚ್ಛ ಮಾಡುತ್ತಿದ್ದೇವೆ ಎಂದುಕೊಂಡು ನಾವೇ ವಾಸನೆ ತಯಾರಿಸುತ್ತಿದ್ದೆವು!

ವಾಸನೆ ಬರುವುದು ಎಲ್ಲಿಂದ?

ಕೋಳಿ ನಮ್ಮ ಹಾಗೆ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಭಾಗವೇ ಅದರ ಮೂತ್ರ. ಅದು ಯೂರಿಕ್ ಆಮ್ಲ. ಒಣಗಿದ್ದರೆ ಅದು ಸುಮ್ಮನಿರುತ್ತದೆ. ತೇವ ಸಿಕ್ಕಿದರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುತ್ತವೆ. ಆಗ ಅಮೋನಿಯ ಅನಿಲ ಏಳುತ್ತದೆ. ಕಣ್ಣು ಉರಿಸುವ, ಗಂಟಲು ಕೆರೆಸುವ ಆ ಘಾಟು ಅದೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಅದರ ಮೇಲೆ ನಾವು ನೀರು ಬೇರೆ ಸುರಿಯುತ್ತಿದ್ದೆವು.

ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರೇ. 14 ಕೋಳಿ ಎಂದರೆ ತಿಂಗಳಿಗೆ 40 ಕಿಲೋ ದಾಟುತ್ತದೆ. ಆ ನೀರನ್ನು ಹೀರಿಕೊಳ್ಳಲು ಏನಾದರೂ ಬೇಕಲ್ಲ? ಹಾಸಿನ ಕೆಲಸ ಅದು.

ಆ ವರ್ಷ ಇನ್ನೊಂದು ನಷ್ಟವೂ ಆಗಿತ್ತು. 11 ಮರಿಗಳಲ್ಲಿ 7 ಸತ್ತಿದ್ದವು. ರೆಕ್ಕೆ ಇಳಿಬಿಟ್ಟು ಮುದುಡಿ ಕೂರುತ್ತಿದ್ದವು, ಹಿಕ್ಕೆಯಲ್ಲಿ ರಕ್ತ ಕಾಣುತ್ತಿತ್ತು. ಕಣ್ಣು ತಾಗಿತು ಎಂದು ಮನೆಯಲ್ಲಿ ಮಾತಾಯಿತು. ಅದು ರಕ್ತಭೇದಿ, ಕಾಕ್ಸಿಡಿಯೋಸಿಸ್ ಎಂಬ ರೋಗ ಎಂದು ವೈದ್ಯರು ಹೇಳಿದರು. ಹಿಕ್ಕೆಯಲ್ಲಿ ಹೊರಬೀಳುವ ಅದರ ಸೂಕ್ಷ್ಮ ಮೊಟ್ಟೆಗಳು ರೋಗ ಹರಡುವಷ್ಟು ಬಲಿಯಲು ತೇವವೂ ಬೆಚ್ಚಗಿನ ಹವೆಯೂ ಬೇಕು. ನಮ್ಮ ನೆಲದಲ್ಲಿ ಎರಡಕ್ಕೂ ಕೊರತೆ ಇರಲಿಲ್ಲ. ನಾವು ಬೇರೆಯವರ ಕಣ್ಣನ್ನು ದೂರಿದ್ದೆವು.

ಹಾಸಿಗೆ ಏನು ಹಾಕುವುದು?

ನೀರು ಹೀರುವ, ಹಗುರವಾದ ಯಾವುದೇ ಒಣ ವಸ್ತು ಆಗುತ್ತದೆ. ಅಕ್ಕಿ ಮಿಲ್ಲಿನ ಉಮಿ, ಮರದ ಹುಡಿ, ಕತ್ತರಿಸಿದ ಬೈಹುಲ್ಲು, ತೆಂಗಿನ ನಾರಿನ ಹುಡಿ, ತರಗೆಲೆ. ನಾನು ಬಳಸುವುದು ಉಮಿ. ಅದು ಬೇಗ ಹೆಪ್ಪುಗಟ್ಟುವುದಿಲ್ಲ. ಆದರೆ ಮರದ ಹುಡಿಯಷ್ಟು ನೀರನ್ನೂ ಹೀರುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಎರಡನ್ನೂ ಬೆರೆಸುತ್ತೇನೆ. ತೀರಾ ನಯವಾದ ಹುಡಿಯನ್ನು ಎಳೆಮರಿಗಳಿಗೆ ಹಾಕಬೇಡಿ, ತಿಂಡಿ ಎಂದುಕೊಂಡು ಹೆಕ್ಕಿ ತಿನ್ನುತ್ತವೆ. ಮೊದಲ ಎರಡು ಮೂರು ದಿನ ಹಾಸಿನ ಮೇಲೆ ಹಳೆಯ ಪತ್ರಿಕೆ ಹರಡಿದರೆ ಸಾಕು. ಬಣ್ಣ ಅಥವಾ ಗೆದ್ದಲಿನ ಔಷಧಿ ಹಚ್ಚಿದ ಮರದ ಹುಡಿಯಂತೂ ಬೇಡವೇ ಬೇಡ.

ಮೊದಲು 3 ಇಂಚು ದಪ್ಪ ಹಾಸಿ. ಆಮೇಲೆ ಹಿಕ್ಕೆ ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪ ಸೇರಿಸುತ್ತಾ 5-6 ಇಂಚಿನವರೆಗೆ ತನ್ನಿ. ದಿನಕ್ಕೊಮ್ಮೆ ಕೋಲಿನಿಂದಲೋ ಸಣ್ಣ ಹಾರೆಯಿಂದಲೋ ಕೆದಕಬೇಕು. ನಾನು ಸಂಜೆ ಒಂದು ಹಿಡಿ ನುಚ್ಚಕ್ಕಿ ಎಸೆಯುತ್ತೇನೆ, ಅರ್ಧ ಕೆಲಸವನ್ನು ಕೋಳಿಗಳೇ ಮಾಡುತ್ತವೆ. ಒಂದು ಕೋಳಿಗೆ 2 ಚದರ ಅಡಿಯಾದರೂ ಜಾಗವಿರಲಿ. ಕಿಕ್ಕಿರಿದ ಗೂಡಿನಲ್ಲಿ ಯಾವ ಹಾಸೂ ಒಣಗಿ ಉಳಿಯುವುದಿಲ್ಲ.

ಪರೀಕ್ಷೆ ಸುಲಭ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಂದು ಹಿಡಿ ಹಾಸನ್ನು ಹಿಂಡಿ ನೋಡಿ. ಬಿಟ್ಟ ಕೂಡಲೇ ಬಿರುಕು ಬಿಟ್ಟು ಉದುರಿದರೆ ಸರಿಯಾಗಿದೆ. ಪುಂಡಿಯ ಹಾಗೆ ಉಂಡೆಯಾಗಿ ಕೂತರೆ ಒದ್ದೆ ಹೆಚ್ಚಾಗಿದೆ. ಸ್ವಲ್ಪವೂ ಅಂಟದೆ ಧೂಳೇ ಎದ್ದರೆ ತೀರಾ ಒಣಗಿದೆ, ಅದೂ ಉಸಿರಿಗೆ ಒಳ್ಳೆಯದಲ್ಲ. ಇನ್ನೊಂದು, ಬಗ್ಗಿ ಕೋಳಿಯ ಎತ್ತರದಲ್ಲಿ ಮೂಸಿ ನೋಡಿ. ನಿಂತವರಿಗೆ ತಿಳಿಯದ ಘಾಟು ಅಲ್ಲಿರುತ್ತದೆ, ಕೋಳಿ ದಿನವಿಡೀ ಉಸಿರಾಡುವುದು ಅದನ್ನೇ.

ಒದ್ದೆಯಾಗುವುದು ಹೆಚ್ಚಾಗಿ ಎರಡು ಕಡೆಯಿಂದ. ನೀರಿನ ಪಾತ್ರೆಯಿಂದ ಮತ್ತು ಮಾಡಿನ ಇರಚಲಿನಿಂದ. ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಟ್ಟರೆ ಚೆಲ್ಲುವುದು ಕಡಿಮೆಯಾಗುತ್ತದೆ. ಇರಚಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟಿದೆವು. ಟಾರ್ಪಾಲಿನಿಂದ ಸುತ್ತಲೂ ಮುಚ್ಚಬೇಡಿ, ಗಾಳಿ ಆಡದಿದ್ದರೆ ಅಮೋನಿಯ ಒಳಗೇ ನಿಲ್ಲುತ್ತದೆ. ರಾತ್ರಿ ಕೋಲಿನ ಮೇಲೆ ಕೂತು ಹಾಕುವ ಹಿಕ್ಕೆಯೇ ಬಹಳ. ಕೋಲಿನ ಕೆಳಗೆ ತರಗೆಲೆ ಹರಡಿದ ಹಲಗೆ ಇಟ್ಟು ಬೆಳಿಗ್ಗೆ ಎತ್ತಿಬಿಟ್ಟರೆ ಹಾಸು ಹೆಚ್ಚು ಕಾಲ ಬರುತ್ತದೆ.

ಅತ್ತೆಗೂ ನನಗೂ ವಾದವಾದದ್ದು ಬೂದಿಯ ವಿಷಯದಲ್ಲಿ. ಅವರ ಉಮ್ಮನ ಕಾಲದಿಂದಲೂ ಗೂಡಿಗೆ ಒಲೆಯ ಬೂದಿ ಚೆಲ್ಲುವುದು ರೂಢಿ. ಒಣಗಿದ ಹಾಸಿನ ಮೇಲೆ ತೆಳುವಾಗಿ ಚೆಲ್ಲಿದರೆ ಅಡ್ಡಿಯಿಲ್ಲ. ಕೋಳಿ ಅದರಲ್ಲಿ ಹೊರಳಿದರೆ ಹೇನಿನ ಕಾಟವೂ ಕಡಿಮೆಯಾಗುತ್ತದೆ. ಆದರೆ ಬೂದಿಯೂ ಸುಣ್ಣವೂ ಕ್ಷಾರ. ಒದ್ದೆ ಹಿಕ್ಕೆಯ ಮೇಲೆ ಧಾರಾಳವಾಗಿ ಸುರಿದರೆ ಅಮೋನಿಯ ಇನ್ನೂ ಬೇಗ ಏಳುತ್ತದೆ, ಗೊಬ್ಬರದ ಸಾರವೂ ಅದರೊಂದಿಗೆ ಹಾರಿಹೋಗುತ್ತದೆ. ಕೊನೆಗೆ ಅತ್ತೆಯದ್ದು ಬೇಸಿಗೆಗೆ ಸರಿ, ನನ್ನದು ಮಳೆಗಾಲಕ್ಕೆ ಸರಿ ಎಂದು ರಾಜಿಯಾಯಿತು.

ಬಸಳೆ ಸುಟ್ಟದ್ದು

ಗೂಡು ತೊಳೆಯುತ್ತಿದ್ದ ಕಾಲದಲ್ಲಿ ಆ ನೀರನ್ನೂ ಹಿಕ್ಕೆಯನ್ನೂ ನೇರವಾಗಿ ಬಸಳೆಯ ಬುಡಕ್ಕೆ ಹಾಕುತ್ತಿದ್ದೆ. ಗೊಬ್ಬರವಲ್ಲವೇ, ಚೆನ್ನಾಗಿ ಬರಲಿ ಎಂದು. ವಾರದೊಳಗೆ ಎಲೆಯಂಚು ಕಂದಿ ಬಳ್ಳಿ ಬಾಡಿತು. ಕಾರಣ ಸರಳ. ಹಟ್ಟಿ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು, ಕೋಳಿ ಗೊಬ್ಬರದಲ್ಲಿ ಸುಮಾರು ಶೇ. 3. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಅಲ್ಲದೆ ಹಸಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣುಗಳಿರಬಹುದು. ಹಸಿಯಾಗಿ ತಿನ್ನುವ ಸೌತೆ, ಪುದೀನ, ಕೊತ್ತಂಬರಿಯ ಪಾತಿಗೆ ಅದು ಖಂಡಿತ ಸಲ್ಲದು.

ಈಗ ಹಳೆಯ ಹಾಸೆಲ್ಲ ರಾಶಿಗೆ ಹೋಗುತ್ತದೆ. ಮಳೆಗಾಲದಲ್ಲಿ ಗುಂಡಿ ತೋಡಿದರೆ ನೀರು ನಿಲ್ಲುತ್ತದೆ. ಹಾಗಾಗಿ ಎತ್ತರದ ಜಾಗದಲ್ಲಿ, ಬಾವಿಯಿಂದಲೂ ನೆರೆಯ ಗೋಡೆಯಿಂದಲೂ ದೂರದಲ್ಲಿ ನೆಲದ ಮೇಲೆಯೇ ರಾಶಿ ಮಾಡಿದ್ದೇವೆ. ಉದ್ದ, ಅಗಲ, ಎತ್ತರ 3 ಅಡಿಯಾದರೂ ಇರಬೇಕು. ಚಿಕ್ಕ ರಾಶಿ ಬಿಸಿಯೇರುವುದಿಲ್ಲ. ಹಲಗೆಯ ಮೇಲಿನ ಹಸಿ ಹಿಕ್ಕೆ 1 ಬುಟ್ಟಿಯಾದರೆ ತರಗೆಲೆ 3 ಬುಟ್ಟಿ. ಗೂಡಿನಿಂದ ತೆಗೆದ ಹಾಸಿನಲ್ಲಿ ಉಮಿ ಮೊದಲೇ ಇರುವುದರಿಂದ ಅದಕ್ಕೆ ಎಲೆ ಕಡಿಮೆ ಸಾಕು. ಹಿಂಡಿದ ಬಟ್ಟೆಯಷ್ಟು ತೇವವಿರಲಿ. ಮೇಲೆ ಗರಿಯೋ ಹಳೆಯ ಟಾರ್ಪಾಲೋ ಮುಚ್ಚಿ. ಘಾಟು ಬಂದರೆ ತರಗೆಲೆ ಸಾಲದು ಎಂದರ್ಥ. ಬಿಸಿಯಾಗದಿದ್ದರೆ ನೀರೋ ಹಿಕ್ಕೆಯೋ ಕಡಿಮೆಯಾಗಿದೆ.

ಎರಡು ಮೂರು ದಿನಗಳಲ್ಲಿ ರಾಶಿಯ ಹೊಟ್ಟೆ ಬಿಸಿಯಾಗುತ್ತದೆ. ಒಳಗೆ ಕಬ್ಬಿಣದ ಸರಳು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಬಳಿಕ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು! 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಹೆಚ್ಚಿನ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಅಂಚಿನದ್ದು ಒಳಗೆ ಹೋಗುವಂತೆ ವಾರಕ್ಕೊಮ್ಮೆ ಮಗುಚಬೇಕು. ಇದು ಬೆನ್ನು ಬಗ್ಗಿಸುವ ಕೆಲಸ, ಗಂಡುಮಕ್ಕಳಿಗೆ ಹೇಳಿ, ಅವರೂ ಮೊಟ್ಟೆ ತಿನ್ನುವವರೇ. 3-4 ತಿಂಗಳಲ್ಲಿ ಕಪ್ಪಾಗಿ, ಮಣ್ಣಿನ ವಾಸನೆ ಬರುವ ಗೊಬ್ಬರ ಸಿಗುತ್ತದೆ. ಉಮಿ ಬೇಗ ಕರಗುವುದಿಲ್ಲ, ಅಲ್ಲಲ್ಲಿ ಕಂಡರೆ ಚಿಂತೆ ಬೇಡ. ಒಂದು ಗೆರಟೆಯಲ್ಲಿ ಗೊಬ್ಬರವನ್ನೂ ಮಣ್ಣನ್ನೂ ಬೆರೆಸಿ ನಾಲ್ಕು ಹೆಸರುಕಾಳು ಹಾಕಿ ನೋಡಿ. ಮೊಳಕೆ ಹಸಿರಾಗಿ ಬಂದರೆ ಗೊಬ್ಬರ ಸಿದ್ಧ.

ಇನ್ನು ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ನಮಾಝಿನ ಬಟ್ಟೆಯದ್ದು. ಕೋಳಿಯ ಹಿಕ್ಕೆ ಶಾಫಿಈ ಮದ್‌ಹಬಿನಲ್ಲೂ ಹನಫೀ ಮದ್‌ಹಬಿನಲ್ಲೂ ನಜಸ್. ಗೂಡಿನ ಕೆಲಸಕ್ಕೆಂದೇ ಒಂದು ಹಳೆಯ ನೈಟಿ, ಒಂದು ಜೋಡಿ ಚಪ್ಪಲಿ ಬೇರೆ ಇಟ್ಟಿದ್ದೇನೆ. ಅವು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಒಣ ಹಾಸು ತೆಗೆಯುವಾಗ ಸ್ವಲ್ಪ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳು ಮೊಟ್ಟೆ ಹೆಕ್ಕಿ ಬಂದರೂ ಸಾಬೂನಿನಿಂದ ಕೈ ತೊಳೆಯಲಿ. ಕೋಳಿಗಳು ಒಮ್ಮೆಲೇ ಒಂದರ ಹಿಂದೊಂದು ಸಾಯತೊಡಗಿದರೆ ಹಾಸನ್ನೂ ಸತ್ತ ಕೋಳಿಗಳನ್ನೂ ಮುಟ್ಟದೆ, ರಾಶಿಗೂ ಹಾಕದೆ ಮೊದಲು ಪಶು ಆಸ್ಪತ್ರೆಗೆ ತಿಳಿಸಿ.

ಆ ಒಂದು ತಿಂಗಳು ಕಳೆದಾಗ ಪಕ್ಕದ ಮನೆಯ ಕಿಟಕಿ ತೆರೆದಿತ್ತು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೋಳಿಗಳು ಈಗ 19 ಇವೆ, ಲೆಕ್ಕ ಅತ್ತೆಯ ಕೈಯಲ್ಲೇ ಇದೆ. ಮಳೆ ಶುರುವಾದ ಮೇಲೆ ಒಣ ಉಮಿ ಸಿಗುವುದು ಕಷ್ಟ, ಆದ್ದರಿಂದ ಮೇ ತಿಂಗಳಲ್ಲೇ 6 ಚೀಲ ತಂದು ಅಟ್ಟದಲ್ಲಿಟ್ಟಿದ್ದೇವೆ. ಕಳೆದ ವಾರ ಅಕ್ಕ ಮಲ್ಲಿಗೆ ಗಿಡಕ್ಕೆ ಎರಡು ಬುಟ್ಟಿ ಗೊಬ್ಬರ ಕೇಳಿದರು. ರಾಶಿ ಇನ್ನೂ ಬಿಸಿಯಾಗಿದೆ, ಒಂದೆರಡು ತಿಂಗಳು ಕಾಯಿರಿ ಎಂದಿದ್ದೇನೆ.