ನೀರಿನ ಜಾಡಿನಲ್ಲಿ ಮೂರು ತಾಲ್ಲೂಕು: ಮಂಡ್ಯ, ಮದ್ದೂರು, ಮಳವಳ್ಳಿಗೆ ಎರಡು ದಿನದ ಪ್ರವಾಸ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬಳಿಕ ಮದ್ದೂರು ಮತ್ತು ಮಂಡ್ಯ ಪಟ್ಟಣಗಳು ಬೈಪಾಸಿನ ಪಕ್ಕಕ್ಕೆ ಸರಿದಿವೆ. ಮಳವಳ್ಳಿಯಂತೂ ಮೊದಲಿನಿಂದಲೂ ಕನಕಪುರ–ಕೊಳ್ಳೇಗಾಲ ರಸ್ತೆಗೆ ಸೇರಿದ ಊರು. ಹಿಂದೆ ಮೈಸೂರಿಗೆ ಹೋಗುವ ದಾರಿಯಲ್ಲಿ ತಾವಾಗಿಯೇ ಎದುರಾಗುತ್ತಿದ್ದ ಊರುಗಳಿಗೆ ಈಗ ಬೇಕೆಂದೇ ಹೊರಡಬೇಕಾಗಿರುವುದರಿಂದ, ಹತ್ತು ಹನ್ನೆರಡು ಜನರ ತಂಡವು ಇಲ್ಲಿಗೆ ಬರುವ ಮುನ್ನ ದಾರಿ ಮತ್ತು ಕಾಲ ಎರಡನ್ನೂ ಯೋಚಿಸಿಕೊಳ್ಳುವುದು ಅಗತ್ಯ.

ಇವೆರಡರಲ್ಲಿ ಮೊದಲು ನಿರ್ಧರಿಸಬೇಕಾದುದು ಕಾಲವನ್ನು. ಕಾವೇರಿ, ಅದರ ಉಪನದಿ ಶಿಂಷಾ ಮತ್ತು ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅಂದರೆ ಮೊದಲು ಇರ್ವಿನ್ ನಾಲೆ ಎಂದೂ ಈಗ ರೈತರ ಮಾತಿನಲ್ಲಿ ವಿ.ಸಿ. ನಾಲೆ ಎಂದೂ ಕರೆಸಿಕೊಂಡ ಕಾಲುವೆ, ಈ ಸೀಮೆಯ ಬೆಳೆಯನ್ನೂ ನೋಟವನ್ನೂ ರೂಪಿಸಿವೆ. ಆದರೆ ನೀರು ತುಂಬಿ ಹರಿಯುವ ತಿಂಗಳುಗಳೂ ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳೂ ಬೇರೆ ಬೇರೆ. ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡುಗಳನ್ನು ಕಾಣಲು ಜನವರಿಯಿಂದ ಏಪ್ರಿಲ್ ಸೂಕ್ತವಾದರೆ, ಗಗನಚುಕ್ಕಿ ಜಲಪಾತವು ಮೈದುಂಬುವುದು ಮುಂಗಾರಿನಲ್ಲಿ ಮೇಲಿನ ಜಲಾಶಯಗಳು ತುಂಬಿ ನೀರು ಹೊರಬಿಟ್ಟಾಗ, ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಬಯಸುವ ತಂಡಕ್ಕೆ ಎರಡೂ ಅರೆಬರೆಯಾಗಿ ದೊರೆಯುವುದರಿಂದ, ಒಂದನ್ನು ಆರಿಸಿಕೊಳ್ಳುವುದೇ ಲೇಸು.

ಮೊದಲ ದಿನ: ಮದ್ದೂರಿನಿಂದ ಮಂಡ್ಯಕ್ಕೆ

ಬೆಂಗಳೂರಿನಿಂದ ಬರುವವರು ಚನ್ನಪಟ್ಟಣದ ಬಳಿಕ ಹಳೆಯ ರಸ್ತೆಗೆ ಇಳಿದು, ರುದ್ರಾಕ್ಷಿಪುರದ ಬಳಿ ತಿರುಗಿದರೆ ಸುಮಾರು 12 ಕಿ.ಮೀ. ದೂರದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಸಿಗುತ್ತದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಲ್ಲಿ ಕಾಡಿನಲ್ಲಲ್ಲ, ಮನೆಗಳ ನಡುವಣ ಹುಣಸೆ ಮತ್ತು ಆಲದ ಮರಗಳಲ್ಲಿ ಸಂಸಾರ ಹೂಡುತ್ತವೆ. ಹಕ್ಕಿಗಳ ಹಿಕ್ಕೆ ಗದ್ದೆಗೆ ಗೊಬ್ಬರವಾಗುವುದು ಈ ಸಹಬಾಳ್ವೆಗೆ ಒಂದು ಕಾರಣವಾದರೆ, ಅವನ್ನು ಊರಿನ ಶುಭವೆಂದು ಭಾವಿಸುವ ನಂಬಿಕೆ ಇನ್ನೊಂದು. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು, ಅಂದರೆ ಜನರು ತಮ್ಮ ನೆಲವನ್ನು ಬಿಡದೆಯೇ ವನ್ಯಜೀವಿ ರಕ್ಷಣೆಯಲ್ಲಿ ಪಾಲುಗೊಳ್ಳುವ ಪ್ರದೇಶವೆಂದು ಘೋಷಿಸಲಾಯಿತು. ಹಕ್ಕಿಗಳು ಚುರುಕಾಗಿರುವ ಮುಂಜಾನೆಯೇ ಇಲ್ಲಿಗೆ ತಲುಪುವುದು ಒಳ್ಳೆಯದು.

ಮದ್ದೂರಿಗೆ ಹೊಂದಿಕೊಂಡಿರುವ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ನಿಷೇಧಾಜ್ಞೆಯನ್ನು ಮುರಿದು ರಾಷ್ಟ್ರಧ್ವಜವನ್ನು ಹಾರಿಸಿತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಆ ಧ್ವಜ ಸತ್ಯಾಗ್ರಹದ ನೆನಪಿಗೆ ಹಳೆಯ ಹೆದ್ದಾರಿಯ ಪಕ್ಕದಲ್ಲಿ ಸತ್ಯಾಗ್ರಹ ಸೌಧವಿದೆ. ಪಟ್ಟಣದಲ್ಲಿ ಹೊಯ್ಸಳರ ಕಾಲದ ಉಗ್ರನರಸಿಂಹ ದೇವಾಲಯವನ್ನು ನೋಡಿ, ರವೆ, ಮೈದಾ, ಅಕ್ಕಿಹಿಟ್ಟು ಮತ್ತು ಈರುಳ್ಳಿಯನ್ನು ಕಲಸಿ ತಟ್ಟಿ ಕರಿಯುವ, ರೈಲು ನಿಲ್ದಾಣದಿಂದ ನಾಡಿಗೆಲ್ಲ ಹೆಸರಾದ ಮದ್ದೂರು ವಡೆಯನ್ನು ಸವಿದು ಮುಂದೆ ಸಾಗಬಹುದು.

ಸುಮಾರು 20 ಕಿ.ಮೀ. ಮುಂದಿರುವ ಮಂಡ್ಯವು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ನಾಲೆಯ ನೀರು ಬಂದ ಮೇಲೆ ಕಬ್ಬಿಗೆ ಮಾರುಕಟ್ಟೆ ಬೇಕೆಂದು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮುಂದಿಟ್ಟ ಯೋಜನೆಯಂತೆ 1933ರಲ್ಲಿ ಆರಂಭವಾದ ಮೈಸೂರು ಸಕ್ಕರೆ ಕಾರ್ಖಾನೆ, ಅಂದರೆ ಮೈಷುಗರ್, ಈ ಪಟ್ಟಣದ ಬೆಳವಣಿಗೆಗೆ ಬುನಾದಿಯಾಯಿತು. ನಗರದ ಹೊರವಲಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಮಧ್ಯಾಹ್ನದ ಊಟಕ್ಕೆ ಮುದ್ದೆ, ಉಪ್ಸಾರು ಅಥವಾ ಬಾಡೂಟ ಇಲ್ಲಿ ಸುಲಭವಾಗಿ ದೊರೆಯುತ್ತದೆ. ಬಳಿಕ ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವ ಆಲೆಮನೆಯೊಂದನ್ನು ನೋಡಿಕೊಂಡು, ಸಂಜೆಗೆ ಮುನ್ನ ಬಸರಾಳು ತಲುಪಬೇಕು. ಹೊಯ್ಸಳ ದೊರೆ ಎರಡನೆಯ ನರಸಿಂಹನ ಕಾಲದಲ್ಲಿ ಹರಿಹರ ದಂಡನಾಯಕನು 1234ರಲ್ಲಿ ಕಟ್ಟಿಸಿದ ಅಲ್ಲಿನ ಮಲ್ಲಿಕಾರ್ಜುನ ದೇವಾಲಯವು ತ್ರಿಕೂಟ, ಎಂದರೆ ಒಂದೇ ನವರಂಗಕ್ಕೆ ಮೂರು ಗರ್ಭಗುಡಿಗಳು ತೆರೆದುಕೊಳ್ಳುವ ವಿನ್ಯಾಸದ್ದು. ರಾತ್ರಿಯ ವಾಸ್ತವ್ಯಕ್ಕೆ ಮಂಡ್ಯವೇ ಅನುಕೂಲ.

ಎರಡನೆಯ ದಿನ: ಮಳವಳ್ಳಿಯ ಕಡೆಗೆ

ಮಳವಳ್ಳಿಗೆ ರೈಲು ಇಲ್ಲವಾದ್ದರಿಂದ ತಂಡಕ್ಕೆ ಟೆಂಪೊ ಟ್ರಾವೆಲರ್‌ನಂತಹ ವಾಹನ ಬೇಕಾಗುತ್ತದೆ. 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸನ ಬ್ರಿಟಿಷ್ ಸೇನೆಗೂ ಕದನ ನಡೆದುದು ಈ ಊರಿನ ಬಳಿ. ಮೃದುವಾದ ಮಾಂಸಕ್ಕೆ ಪ್ರಸಿದ್ಧವಾದ ಬಂಡೂರು ಕುರಿಯ ಮೂಲವೂ ಇದೇ ತಾಲ್ಲೂಕು. ಇಲ್ಲಿಂದ ಗಗನಚುಕ್ಕಿಗೆ ಹೋದರೆ, ಶಿವನಸಮುದ್ರದಲ್ಲಿ ಇಬ್ಭಾಗವಾಗುವ ಕಾವೇರಿಯ ಪಶ್ಚಿಮದ ಕವಲು ಧುಮುಕುವುದನ್ನು ಮಂಡ್ಯ ಜಿಲ್ಲೆಯ ದಡದಿಂದಲೇ ಎದುರುಬದುರು ನೋಡಬಹುದು. ಪೂರ್ವದ ಕವಲಿನ ಭರಚುಕ್ಕಿಯು ಚಾಮರಾಜನಗರ ಜಿಲ್ಲೆಗೆ ಸೇರಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಮೇಲೆ, 1905ರಲ್ಲಿ. ವಿದ್ಯುತ್ತಿಗಾಗಿ ನೀರನ್ನು ಮೇಲೆಯೇ ತಿರುಗಿಸಿಕೊಳ್ಳುವುದರಿಂದ ಬೇಸಿಗೆಯಲ್ಲಿ ಜಲಪಾತವು ಬಂಡೆಗಳಷ್ಟೇ ಆಗಿ ಉಳಿಯುವುದುಂಟು.

ಹಿಂದಿರುಗುವ ದಾರಿಯಲ್ಲಿರುವ ಹಲಗೂರು ಮಂಟೇಸ್ವಾಮಿ ಜನಪದ ಮಹಾಕಾವ್ಯದಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯು ಕಮ್ಮಾರರಾದ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಗೆ ಬಂದ ಊರು. ಆ ಕಾವ್ಯವನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವವರು ನೀಲಗಾರರು. ಮಂಟೇಸ್ವಾಮಿ ಪರಂಪರೆಯ ಮಠವು ಇದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಹಲಗೂರಿನಿಂದ ಕಾಡಿನ ನಡುವೆ ಸಾಗಿದರೆ ಕಾವೇರಿಯ ದಡದಲ್ಲಿ ಮುತ್ತತ್ತಿಯ ಆಂಜನೇಯ ಕ್ಷೇತ್ರ ಸಿಗುತ್ತದೆ. ಇಲ್ಲಿನ ಹೊಳೆಯಲ್ಲಿ ಸುಳಿಗಳೂ ಬಂಡೆಗಳ ನಡುವಣ ಆಳದ ಗುಂಡಿಗಳೂ ಇರುವುದರಿಂದ, ಈಜು ಬಲ್ಲವರೂ ಸೇರಿದಂತೆ ಯಾರೂ ನೀರಿಗಿಳಿಯಬಾರದೆಂಬುದನ್ನು ತಂಡವು ಹೊರಡುವ ಮೊದಲೇ ಒಪ್ಪಿಕೊಂಡಿರಬೇಕು. ಕಾಡುದಾರಿಯಲ್ಲಿ ಆನೆಗಳ ಓಡಾಟವಿರುವುದರಿಂದ ಕತ್ತಲಾಗುವ ಮುನ್ನ ಹಲಗೂರಿಗೆ ಮರಳಿ, ಸಾತನೂರು–ಕನಕಪುರ ಮಾರ್ಗವಾಗಿ ಬೆಂಗಳೂರು ಸೇರಬಹುದು. ಹೋದ ದಾರಿಯಲ್ಲೇ ಹಿಂದಿರುಗದ ಈ ಸುತ್ತಿನಲ್ಲಿ ಬೇಸಿಗೆಯ ತಂಡವು ಕೊಕ್ಕರೆಬೆಳ್ಳೂರಿಗೆ ಹೆಚ್ಚು ಹೊತ್ತು ಕೊಟ್ಟು ಗಗನಚುಕ್ಕಿಯನ್ನು ಕೈಬಿಡಬಹುದು. ಮಳೆಗಾಲದ ತಂಡವು ಹಕ್ಕಿಗಳ ಊರನ್ನು ಬಿಟ್ಟು ನೇರವಾಗಿ ಶಿವಪುರದಿಂದ ಆರಂಭಿಸಬಹುದು.