ಬೀಸುಕಲ್ಲಿನ ಪದ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬದ ಸೀಮೆಗೆ ಹೋಗುವವರಿಗೆ ಕೆರೆ, ಗದ್ದೆ, ಅಡಕೆಯ ತೋಟಗಳು ದಾರಿಯುದ್ದಕ್ಕೂ ಕಣ್ಣಿಗೆ ತಂಪನ್ನೀಯುತ್ತವೆ. ಕಳೆದ ಬೇಸಗೆಯಲ್ಲಿ ಪರಿಚಿತರ ಮನೆಯ ಮದುವೆಯ ನಿಮಿತ್ತವಾಗಿ ನಾವು ಆ ದಾರಿಯಲ್ಲಿ ಪ್ರಯಾಣ ಮಾಡಿದೆವು. ಅಲ್ಲಿ ನಾವು ಕಂಡು ಕೇಳಿದ ಒಂದು ಸಣ್ಣ ಸಂಗತಿಯು ಮನಸ್ಸನ್ನು ಬಿಡದೆ ಕಾಡುತ್ತಿರುವುದರಿಂದ ಅದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯ ಗೆರೆಗಳಿಂದ ಹಸೆಯ ಚಿತ್ತಾರವನ್ನು ಬರೆದಿದ್ದರು. ಆ ಸೀಮೆಯಲ್ಲಿ ಅರಿಸಿನ ಹಚ್ಚುವುದಕ್ಕೊಂದು ಪದ, ಹಸೆಗೆ ಕರೆಯುವುದಕ್ಕೊಂದು ಪದ, ಹೆಣ್ಣನ್ನು ಒಪ್ಪಿಸಿಕೊಡುವುದಕ್ಕೊಂದು ಪದ ಎಂದು ಪ್ರತಿಯೊಂದು ಶಾಸ್ತ್ರಕ್ಕೂ ಹೆಂಗಸರು ಹಾಡುವ ಹಾಡುಗಳುಂಟು. ಆ ಮನೆಯ ಅಜ್ಜಿಯು ಈ ಪದಗಳಲ್ಲಿ ನುರಿತವರೆಂದು ನಾವು ಮೊದಲೇ ಕೇಳಿದ್ದೆವು. ಆದರೆ ಅಂದು ಚಪ್ಪರದ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕದಿಂದ ಸಿನಿಮಾದ ಹಾಡುಗಳು ಎಡೆಬಿಡದೆ ಮೊಳಗುತ್ತಿದ್ದುವು. ಅಜ್ಜಿ ಒಳಜಗಲಿಯ ಮೂಲೆಯಲ್ಲಿ ಎಲೆಯಡಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ನಾವು ಕೇಳಿದ್ದಕ್ಕೆ, “ಈಗ ಪೆಟ್ಟಿಗೆಯೇ ಹಾಡುತ್ತದಲ್ಲ ಮಗಾ, ನನಗೇನು ಕೆಲಸ?” ಎಂದರು.

ಅಜ್ಜಿಯ ಪಕ್ಕದಲ್ಲಿ, ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ಫೋನಿನ ತಂತಿಯನ್ನು ಕಿವಿಗಿಟ್ಟುಕೊಂಡು ಏನನ್ನೋ ಕೇಳುತ್ತಿದ್ದಳು.

“ಯಾರ ಪದ ಕೂಸೇ ಅದು?” ಎಂದರು ಅಜ್ಜಿ.

“ಅಮೆರಿಕದವಳದು ಅಜ್ಜೀ. ಗಂಡ ಕುಡಿದು ಮನೆಗೆ ಬಂದರೆ ಹತ್ತಿರ ಸೇರಿಸುವುದಿಲ್ಲ ಅಂತ ಹೆಂಡತಿ ಹೇಳುವ ಹಾಡು.”

ಅಜ್ಜಿ ನಕ್ಕುಬಿಟ್ಟರು. “ಇದಕ್ಕೆ ಅಷ್ಟು ದೂರ ಹೋಗಬೇಕೇನೇ? ಹಗಲು ಮಾವನೆದುರು ತುಟಿ ಬಿಚ್ಚದ ನಮ್ಮವ್ವ, ಕೋಳಿ ಕೂಗುವ ಮೊದಲು ಬೀಸುಕಲ್ಲಿನ ಮುಂದೆ ಕೂತು ಎಲ್ಲಾ ಹೇಳಿಬಿಡುತ್ತಿದ್ದಳು!”

ಹುಡುಗಿಯು ಕೇಳುತ್ತಿದ್ದುದು ಲೊರೆಟ್ಟಾ ಲಿನ್ ಎಂಬ ಪ್ರಖ್ಯಾತ ಗಾಯಕಿಯ ಹಾಡು. ಅಲ್ಲಿಯವರು ‘ಕಂಟ್ರಿ’ ಎಂದು ಕರೆಯುವ ಹಳ್ಳಿಗಾಡಿನ ಸಂಗೀತದಲ್ಲಿ ಈಕೆಯ ಹೆಸರು ಬಹು ದೊಡ್ಡದು. 1932ರಲ್ಲಿ ಕೆಂಟಕಿ ಪ್ರಾಂತದ ಗುಡ್ಡಗಾಡಿನಲ್ಲಿ, ಕಲ್ಲಿದ್ದಲ ಗಣಿಯ ಕೂಲಿಯೊಬ್ಬನ ಎಂಟು ಮಕ್ಕಳಲ್ಲಿ ಎರಡನೆಯವಳಾಗಿ ಜನಿಸಿದಳು. ಹದಿನೈದು ವರ್ಷಕ್ಕೆ ಮದುವೆಯಾಯಿತು. ಇಪ್ಪತ್ತು ದಾಟುವ ವೇಳೆಗೆ ನಾಲ್ಕು ಮಕ್ಕಳ ತಾಯಿ. ಕುಡಿತದ ಚಟವಿದ್ದ ಗಂಡನೇ ಆಕೆಗೊಂದು ಗಿಟಾರನ್ನು ಕೊಂಡುತಂದು ಹಾಡಲು ಹುರಿದುಂಬಿಸಿದನೆಂಬುದು ಸಂಸಾರದ ವಿಚಿತ್ರಗಳಲ್ಲಿ ಒಂದು. ಹುಡುಗಿಯು ಹೇಳಿದ ಆ ಹಾಡನ್ನು ಲೊರೆಟ್ಟಾ ತನ್ನ ತಂಗಿಯೊಡನೆ ಸೇರಿ ರಚಿಸಿದಳು. ಅದೇ ಹೆಸರಿನಲ್ಲಿ 1967ರಲ್ಲಿ ಹೊರಟ ಧ್ವನಿಮುದ್ರಿಕೆಯು ಆ ಬಗೆಯ ಸಂಗೀತದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಬಹಳ ಮಾರಾಟವಾದ ಮುದ್ರಿಕೆಗಳಿಗೆ ಅಲ್ಲಿ ಸಲ್ಲುವ ‘ಚಿನ್ನ’ದ ಮನ್ನಣೆಯನ್ನು ಪಡೆದ ಹಳ್ಳಿಗಾಡಿನ ಗಾಯಕಿಯರಲ್ಲಿ ಈಕೆಯು ಮೊದಲಿಗರ ಸಾಲಿನವಳು. 2022ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು.

ಆ ಮುದ್ರಿಕೆಗೆ ಅಷ್ಟು ಬೆಲೆ ಬಂದುದೇತಕ್ಕೆ? ಸಾವಿರಾರು ಅಡಿಗೆಮನೆಗಳಲ್ಲಿ ಹೆಂಗಸರು ಒಳಗೊಳಗೇ ನುಂಗಿಕೊಂಡಿದ್ದ ಮಾತನ್ನು ಒಬ್ಬಳು ರಾಗವಾಗಿ ಹೊರಗೆ ಹೇಳಿದಳು. ಕೇಳಿದವರು ತಮ್ಮ ಮಾತೆಂದೇ ಅದನ್ನು ಕೊಂಡರು. ಇದಕ್ಕಿಂತ ಬೇರೆ ಕಾರಣ ನಮಗೆ ತೋರುವುದಿಲ್ಲ.

ನಮ್ಮಲ್ಲಿ ಆ ಕೆಲಸವನ್ನು ಮಾಡುತ್ತಿದ್ದುದು ಬೀಸುಕಲ್ಲು. ಬೆಳಗಿನ ಜಾವದಲ್ಲಿ ಅತ್ತಿಗೆ ನಾದಿನಿಯರು ಎದುರುಬದರು ಕುಳಿತು ಗೂಟವನ್ನು ಹಿಡಿದು ತಿರುಗಿಸುವಾಗ ಹಾಡು ತೋಳಿನ ದಣಿವನ್ನು ಮರೆಸುತ್ತಿತ್ತು. ಕಲ್ಲಿನ ಸದ್ದು ಹಾಡನ್ನು ಹಿರಿಯರ ಕಿವಿಯಿಂದ ಮರೆಮಾಡುತ್ತಿತ್ತು. ಯಾರಾದರೂ ಆಕ್ಷೇಪಿಸಿದರೆ, “ಇದು ಹಿಂದಿನವರ ಪದ, ನನ್ನ ಮಾತಲ್ಲ” ಎನ್ನಬಹುದಾಗಿತ್ತು. ತವರಿನ ಹಂಬಲ, ಅತ್ತೆಯ ಕಾಟ, ಬಂಜೆಯ ಅಳಲು, ಗಂಡನ ಒಲವು ಮುನಿಸುಗಳೆಲ್ಲವೂ ಹಿಟ್ಟಿನೊಡನೆ ಅಲ್ಲಿ ಉದುರುತ್ತಿದ್ದುವು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ ಇಂತಹ ತ್ರಿಪದಿಗಳ ಸೊಬಗನ್ನು ಕಂಡು ನಾಡಿನ ವಿದ್ವಾಂಸರೇ ತಲೆದೂಗಿದರು. ಆದರೆ ಹಿಟ್ಟಿನ ಗಿರಣಿ ಬಂದಿತು. ಕಲ್ಲು ಹಿತ್ತಿಲನ್ನು ಸೇರಿತು. ಪದವೂ ಅದರ ಹಿಂದೆಯೇ ಹೊರಟಿತು.

ಹೆಣ್ಣು ತನ್ನ ಮನಸ್ಸನ್ನು ಬಿಚ್ಚಿ ನುಡಿಯುವುದು ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಜನ್ಮಸ್ಥಳ. ಕೌಶಿಕರಾಜನ ಅರಮನೆಯನ್ನು ತೊರೆದು, ಕಲ್ಯಾಣವನ್ನು ಸೇರಿ, ಅಲ್ಲಿಂದ ಶ್ರೀಶೈಲಕ್ಕೆ ತೆರಳಿದ ಆ ಮಹಾಸತಿಯ ಕಥೆಯನ್ನು ಅರಿಯದವರಾರು? ಕಲ್ಯಾಣದಲ್ಲಿ ಆಕೆಯನ್ನು ಪ್ರಶ್ನಿಸಿದನೆಂದು ಶೂನ್ಯಸಂಪಾದನೆಯು ಹೇಳುವ ಅಲ್ಲಮಪ್ರಭುವೂ ಅದೇ ತಾಲ್ಲೂಕಿನ ಬಳ್ಳಿಗಾವಿಯವನೆಂದೇ ಪ್ರಸಿದ್ಧನು. ಅಕ್ಕನ ವಚನಗಳನ್ನು ಬರೆದಿಟ್ಟವರಿದ್ದುದರಿಂದ ಅವು ಇಂದಿಗೂ ನಮ್ಮ ಪಾಲಿಗೆ ಉಳಿದಿವೆ. ಬರೆದಿಡುವವರಿಲ್ಲದೆ ಹೋದ ಅಕ್ಕಂದಿರೆಷ್ಟು ಮಂದಿಯೋ!

ಸೊರಬದ ನೆರೆಯ ಉತ್ತರ ಕನ್ನಡ ಜಿಲ್ಲೆಯಲ್ಲಿ, ಅಂಕೋಲೆಯ ಬಳಿಯ ಬಡಗೇರಿಯಲ್ಲಿ, ಸುಕ್ರಿ ಬೊಮ್ಮಗೌಡ ಎಂಬ ಹಾಲಕ್ಕಿ ಒಕ್ಕಲ ಹೆಂಗಸು ಇದ್ದರು. ಅಕ್ಷರವನ್ನು ಕಲಿಯದ ಆಕೆಯ ನಾಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಪದಗಳಿದ್ದುವು. ಕುಡಿತದಿಂದ ತಮ್ಮ ಮನೆಯಲ್ಲಿಯೇ ಸಾವುನೋವನ್ನುಂಡ ಆಕೆಯು ಊರ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. ಆಕಾಶವಾಣಿಯವರು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. 2017ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. 2025ರ ಫೆಬ್ರವರಿಯಲ್ಲಿ ಅವರು ಕಣ್ಮುಚ್ಚಿದರು. ಕೆಂಟಕಿಯ ಗಾಯಕಿಗೂ ಈ ಬಡಗೇರಿಯ ತಾಯಿಗೂ ಭಾಷೆ ಬೇರೆ, ಉಡಿಗೆ ಬೇರೆ; ನೋವು ಮಾತ್ರ ಒಂದೇ.

ಇನ್ನು ಮದುವೆಯ ಮನೆಗೆ ಮರಳೋಣ. ಅಂದು ರಾತ್ರಿ ಊಟೋಪಚಾರಗಳು ಮುಗಿದು ಧ್ವನಿವರ್ಧಕವು ನಿಂತ ಮೇಲೆ ಮೊಮ್ಮಗಳು ಅಜ್ಜಿಯನ್ನು ಬಿಡಲಿಲ್ಲ. ಮೊದಲು ಹಸೆಯ ಪದವಾಯಿತು. ಸುತ್ತಲಿದ್ದ ನಾಲ್ಕಾರು ಹೆಂಗಸರು ಸೊಲ್ಲಿಗೆ ಸೊಲ್ಲು ಕೂಡಿಸಿದರು. ಅನಂತರ ಅಜ್ಜಿ ದನಿಯನ್ನು ತಗ್ಗಿಸಿ ಬೀಸುವ ಪದವೊಂದನ್ನು ಎತ್ತಿದರು. ಕುಡಿದು ತಡವಾಗಿ ಬರುವ ಗಂಡನಿಗಾಗಿ ದೀಪವನ್ನಿಟ್ಟುಕೊಂಡು ಬಾಗಿಲಲ್ಲಿ ಕಾಯುವ ಹೆಣ್ಣಿನ ಪದವದು. ಲೆಕ್ಕದ ಪುಸ್ತಕವನ್ನು ನೋಡುತ್ತಿದ್ದ ಮನೆಯ ಯಜಮಾನರು, ಅಜ್ಜಿಯ ಹಿರಿಯ ಮಗ, ಅರುವತ್ತು ದಾಟಿದವರು, ಪುಸ್ತಕವನ್ನು ಮಡಿಚಿಟ್ಟು ಬಂದು ಕಂಬಕ್ಕೊರಗಿ ನಿಂತರು.

ಹಾಡು ಮುಗಿದ ಮೇಲೆ, “ಅವ್ವಾ, ಇದು ಅಪ್ಪನ ಮೇಲಿನ ಪದವೇ?” ಎಂದು ಮೆಲ್ಲನೆ ಕೇಳಿದರು.

“ಪದ ಯಾರ ಮೇಲಿನದೂ ಅಲ್ಲ ಮಗಾ. ಬೀಸುಕಲ್ಲಿನದು,” ಎಂದು ಅಜ್ಜಿ ಸೆರಗಿನಿಂದ ಮುಖವನ್ನೊರೆಸಿಕೊಂಡರು.

ಅವರು ಮತ್ತೇನನ್ನೂ ಕೇಳಲಿಲ್ಲ. ತಾಯಿಯ ಕಾಲ ಬಳಿ ಬಹಳ ಹೊತ್ತು ಕುಳಿತಿದ್ದರು. ಅರುವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮಗನಿಗೆ ಅದುವರೆಗೆ ಆ ಪದವು ಕೇಳಿಸಿರಲಿಲ್ಲ.

ಪ್ರಿಯ ವಾಚಕರೇ, ಧ್ವನಿಮುದ್ರಿಕೆಗಳ ಮೇಲೆ ನಮಗೆ ದ್ವೇಷವಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗಾಗಿ ಹಾಡಿ, ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಸಾರಿಹೇಳಿದ ಗೌಹರ್ ಜಾನ್ ಕಡೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು, 1930ರಲ್ಲಿ ಅಲ್ಲಿಯೇ ಕಾಲವಾದಳು. ತಟ್ಟೆಯು ಉಳಿಸಿಕೊಟ್ಟ ಆ ದನಿಯನ್ನು ಇಂದಿಗೂ ಕೇಳಬಹುದು. ಆದರೆ ನಮ್ಮ ಮನೆಯ ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ಹುಡುಕಿಕೊಂಡು ಯಾವ ಕಂಪನಿಯವರೂ ಬರಲಾರರು. ಆ ಕೆಲಸವು ನಮ್ಮದೇ. ಹಬ್ಬಕ್ಕೋ ಮದುವೆಗೋ ಎಲ್ಲರೂ ಕೂಡಿದಾಗ ಒಂದು ಗಳಿಗೆ ಪೆಟ್ಟಿಗೆಯ ಸದ್ದನ್ನು ನಿಲ್ಲಿಸಿ, “ಅಜ್ಜೀ, ಒಂದು ಪದ ಹೇಳು” ಎಂದು ಕೇಳಬೇಕು, ಹಾಡುವುದನ್ನು ಫೋನಿನಲ್ಲಿ ಹಿಡಿದಿಡಬೇಕು, ಪುಸ್ತಕದಲ್ಲಿಯೂ ಬರೆದಿಡಬೇಕು. ಆ ಮೊಮ್ಮಗಳು ಮರುದಿನ ಬೆಳಿಗ್ಗೆ ಹಾಗೆಯೇ ಮಾಡಿದಳು. ಪುಸ್ತಕದ ಮೊದಲನೆಯ ಹಾಳೆಯಲ್ಲಿ ಆಕೆಯು ಬರೆದುದು ಅಜ್ಜಿಯ ಹೆಸರನ್ನು.